ಬಿಸಿಲಿಗಿಟ್ಟ ದುರ್ಬೀನು

ಕಾಪು
16 ಅಕ್ಟೋಬರ್ 2025, ಗುರುವಾರ

ಪ್ರೀತಿಯ ತಮ್ಮ ಸುಕೇಶನಿಗೆ,

ಅಕ್ಕ ಸುಗಂಧಿಯ ಆಶೀರ್ವಾದ. ನಾವಿಲ್ಲಿ ಇದ್ದೇವೆ. ಕ್ಷೇಮ ಅಂತ ಬರೆಯಲಿಕ್ಕೆ ಪೆನ್ನು ಹೋಗುವುದಿಲ್ಲ, ಅದಕ್ಕೆ ಇದ್ದೇವೆ ಅಂತ ಬರೆದೆ.

ಒಂದು ವಾರದಿಂದ ನಿನ್ನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ. ತಪ್ಪೇ. ಆದರೆ ಎತ್ತಿದ್ದರೆ ನನ್ನ ಬಾಯಿಯಿಂದ ಎಂತೆಂತ ಬರುತ್ತಿತ್ತೋ ನನಗೇ ಗೊತ್ತಿಲ್ಲ ಮಾರಾಯ. ನನಗೆ ಸಿಟ್ಟು ಬರುವುದು ತುಳುವಿನಲ್ಲಿ. ಬರೆಯಲು ಕೂತರೆ ಶಾಲೆಯಲ್ಲಿ ಕಲಿತ ಕನ್ನಡ, ಒಂದೊಂದು ಶಬ್ದ ಹುಡುಕುವಷ್ಟರಲ್ಲಿ ಸ್ವಲ್ಪ ತಣಿಯುತ್ತದೆ. ಉದ್ಯಾವರದ ಬ್ರ್ಯಾಂಡನ್ ಶನಿವಾರ ನಿಮ್ಮ ಮಸ್ಕತ್ತಿಗೆ ವಾಪಸು ಹೊರಡುತ್ತಾನಂತೆ. ಅವನ ಕೈಯಲ್ಲಿ ಈ ಪತ್ರವನ್ನೂ ಒಣ ಸಿಗಡಿ ಚಟ್ನಿಯ ಡಬ್ಬವನ್ನೂ ಕೊಡುತ್ತೇನೆ. ಸಿಟ್ಟು ಇದ್ದರೂ ಚಟ್ನಿ ಮಾಡಿದ್ದೇನೆ, ನೋಡು.

ಅವತ್ತು ಫೋನಿನಲ್ಲಿ ನಾನು ಅರ್ಧ ಹೇಳಿ ಕಟ್ ಮಾಡಿದೆ. ನಿನಗೆ ಗೊತ್ತಾದದ್ದು ಇಷ್ಟೇ: ಅಮ್ಮ ನಿನ್ನ ಟೆಲಿಸ್ಕೋಪನ್ನು ಬಿಸಿಲಿಗೆ ಇಟ್ಟರು, ನನ್ನ ಮಗಳು ನಿಖಿತಾ ಅದರ ಹತ್ತಿರ ಹೋದಳು. ಉಳಿದ ಅರ್ಧ ಇದು. ನಿಖಿತಾಳ ಬಲಗಣ್ಣಿನ ಒಳಗೆ, ಸರೀ ನಡುವಿನಲ್ಲಿ, ಸುಟ್ಟ ಗಾಯ ಉಂಟು. ಆ ದೃಷ್ಟಿ ಪೂರ್ತಿ ವಾಪಸು ಬರುತ್ತದೋ ಇಲ್ಲವೋ ಅಂತ ಮಣಿಪಾಲದ ಡಾಕ್ಟರಿಗೂ ಈಗ ಹೇಳಲಿಕ್ಕೆ ಆಗುವುದಿಲ್ಲ. ಇಷ್ಟು ಓದಿ ಫೋನಿಗೆ ಕೈ ಹಾಕಬೇಡ, ಪತ್ರ ಪೂರ್ತಿ ಓದು. ಟೆಲಿಸ್ಕೋಪಿನ ಸುದ್ದಿಯೂ ಉಂಟು. ಸರದಿ ಬಂದಾಗ ಅದು ಬರುತ್ತದೆ, ಮೊದಲು ಅದನ್ನೇ ಹುಡುಕಬೇಡ.

ಶುರುವಾದದ್ದು ನಿನ್ನ ಫಂಗಸ್ಸಿನಿಂದ. ಮಳೆ ಹಿಡಿದ ಸೋಣ ತಿಂಗಳಿಡೀ ಫೋನ್ ಮಾಡಿದಾಗಲೆಲ್ಲ ನಿನಗೆ ಅದೊಂದೇ ಮಾತು. ಕಡಲ ಬದಿಯ ತೇವ ಗಾಜಿನ ಒಳಗೆ ಕೂತರೆ ಬೂಸಲು ಹಿಡಿಯುತ್ತದೆ, ಒಮ್ಮೆ ಹಿಡಿದರೆ ಲೆನ್ಸು ಮುಗಿಯಿತು, ಅಕ್ಕ ನೀನು ನೋಡಿಕೋ, ಅಮ್ಮನಿಗೂ ಹೇಳು. ಅಮ್ಮನಿಗೆ ಹೇಳಿದೆ. ನೀನು ಹೇಳಿದ್ದೆಂದರೆ ಅವರಿಗೆ ದೈವದ ನುಡಿ ಅಲ್ವಾ? ದಿನಾ ಬೆಳಿಗ್ಗೆ ಮಲ್ಲಿಗೆ ಕೊಯ್ದು ಬಂದವರೇ ಮೊದಲು ಟೆಲಿಸ್ಕೋಪ್ ಇಟ್ಟ ಮೂಲೆಗೆ ಹೋಗಿ ಹೊದಿಸಿದ ಸೀರೆ ಸರಿಸಿ ಮೂಸಿ ನೋಡುವುದು. ಸುಕೇಶನ ದುರ್ಬೀನು ತೇವದ ವಾಸನೆ ಬರುತ್ತಾ ಉಂಟು ಅಂತ ನನ್ನ ತಲೆ ತಿನ್ನುವುದು.

ಆಯುಧಪೂಜೆಯ ಮುಂಚಿನ ದಿನ ಮಳೆ ಬಿಟ್ಟು ಚುರುಗುಟ್ಟುವ ಬಿಸಿಲು. ಮಳೆಗಾಲ ಕಳೆದ ಮೊದಲ ಬಿಸಿಲಿಗೆ ನಮ್ಮಲ್ಲಿ ಇಡೀ ಮನೆ ಅಂಗಳಕ್ಕೆ ಬರುವುದು ನಿನಗೆ ಗೊತ್ತುಂಟು. ಚಾಪೆ, ಕಂಬಳಿ, ಅಮ್ಮನ ಧಾರೆ ಸೀರೆ, ಉಪ್ಪಿನಕಾಯಿ ಭರಣಿ, ಎಲ್ಲ ಬಂದವು. ಅಮ್ಮ ನಿನ್ನ ಭಾವನಿಗೆ ಹೇಳಿ ಟೆಲಿಸ್ಕೋಪನ್ನೂ ಹೊರಗೆ ಇಡಿಸಿದರು. ಪಂಪು ಮೋಟರು ರಿಪೇರಿಯವರಿಗೆ ಭಾರ ಎತ್ತುವುದು ಎಂತ ದೊಡ್ಡದು? ಮೂರು ಕಾಲಿನ ಸ್ಟ್ಯಾಂಡು, ಕೊಳವೆ ಕೂರಿಸುವ ಮೌಂಟು, ತೂಕದ ಗುಂಡು, ಬಿಳಿ ಕೊಳವೆ, ಎಲ್ಲ ಇದ್ದ ಹಾಗೇ ತಂದು ನಿಲ್ಲಿಸಿ ಅಂಗಡಿ ತೊಳೆಯಲು ಹೋದರು. ಆಮೇಲೆ ಅಮ್ಮ ಭರಣಿಯ ಬಾಯಿ ತೆರೆದಿಡುವ ಹಾಗೆ ಅದರ ಮುಂದಿನ ಮುಚ್ಚಳ ತೆಗೆದರು, ಹಿಂದಿನದ್ದನ್ನೂ ತೆಗೆದರು. ಒಳಗಿನ ತೇವ ಹೋಗಬೇಕಲ್ಲ. ಹಿಂದಿನ ತೂತಿನಿಂದ ಇರುವೆ ಹೋದೀತೆಂದು ಅಲ್ಲಿಗೆ ಹಳೇ ಸೀರೆಯ ತುಂಡು ತುರುಕಿದರು. ಕೊಳವೆಯನ್ನು ಬಿಸಿಲು ಬರುವ ಕಡೆಗೇ ತಿರುಗಿಸಿದರು. ನಾನು ಒಳಗೆ ಹೂ ಕಟ್ಟುತ್ತಾ ಕೂತಿದ್ದೆ, ನೋಡಲಿಲ್ಲ.

ಮಧ್ಯಾಹ್ನ ನಿಖಿತಾ ಟ್ಯೂಷನ್ ಮುಗಿಸಿ ಗೇಟು ತೆರೆದಾಗ ಆ ಬಟ್ಟೆಯಿಂದ ಹೊಗೆ ಬರುತ್ತಿತ್ತಂತೆ. ಬ್ಯಾಗು ಬಿಸಾಡಿ ಓಡಿ ಬಟ್ಟೆ ಎಳೆದು ಹಾಕಿದಳು, ಬೆರಳು ಸುಟ್ಟಿತು. ಸುಕೇಶ, ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಸತ್ತರೂ ನೋಡಬಾರದು ಅಂತ ನೀನು ಅವಳಿಗೆ ನೂರು ಸಲ ಹೇಳಿದ್ದಿ. ಅವಳು ಮರೆತವಳಲ್ಲ. ಸೂರ್ಯನನ್ನು ನೋಡಲು ಅವಳು ಬಗ್ಗಿದ್ದೂ ಅಲ್ಲ. ಬಿಸಿಗೆ ಒಳಗಿನ ಗಾಜು ಒಡೆಯಿತೋ ಅನ್ನುವ ಒಂದೇ ಹೆದರಿಕೆಯಲ್ಲಿ ಹಿಂದಿನ ತೂತಿಗೆ ಕಣ್ಣಿಟ್ಟಳು. ರೆಪ್ಪೆ ಬಡಿಯುವಷ್ಟು ಹೊತ್ತು ಅಂತಾಳೆ. ಆಮೇಲೆ ಮುಚ್ಚಳ ಹಾಕಿ ಕೊಳವೆಯನ್ನು ನೆರಳಿಗೆ ತಿರುಗಿಸಿದಳು.

ನಮಗೆ ಹೇಳಿದ್ದು ಬಟ್ಟೆಗೆ ಬೆಂಕಿ ಹಿಡಿದಿತ್ತು, ತೆಗೆದೆ ಅಂತ ಮಾತ್ರ. ಅಮ್ಮ ಬೆರಳಿಗೆ ತುಪ್ಪ ಹಚ್ಚಿದರು. ಮನೆಗೇ ಬೆಂಕಿ ಇಡಲಿಕ್ಕೆ ಹೊರಟಿದ್ದೀರಿ ಅಂತ ನಾನು ಅಮ್ಮನನ್ನು ತಮಾಷೆ ಮಾಡಿದೆ, ಎಲ್ಲರೂ ನಕ್ಕೆವು. ಮಾರನೇ ದಿನ ಭಾವನ ಸ್ಪ್ಯಾನರುಗಳ ಪಕ್ಕದಲ್ಲೇ ನಿನ್ನ ಟೆಲಿಸ್ಕೋಪಿಗೂ ಪೂಜೆ ಆಯಿತು. ಕುಂಕುಮ ಹಚ್ಚಿದವಳು ನಿಖಿತಾಳೇ. ಬೊಟ್ಟು ನಡುವಿಗೆ ಬೀಳದೆ ಬದಿಗೆ ಬಿತ್ತು. ಅವಳ ಅಪ್ಪ ನಕ್ಕರು.

ಒಂದು ವಾರ ಹಾಗೇ ಕಳೆಯಿತು. ಓದುವುದು ಹೆಚ್ಚಾಗಿ ತಲೆನೋವು ಅಂತಿದ್ದಳು. ಸೆಕೆಂಡ್ ಪಿಯುಸಿ ಅಲ್ವಾ, ಇರಬಹುದು ಅಂದುಕೊಂಡೆ. ಒಂದು ದಿನ ಉಡುಪಿಗೆ ಹೋಗಬೇಕಾದವಳು ಬೋರ್ಡು ಓದದೆ ಪಡುಬಿದ್ರಿ ಬಸ್ಸು ಹತ್ತಿದ್ದಳು. ತಲೆ ಎಲ್ಲಿಟ್ಟಿದ್ದಿ ಅಂತ ಬೈದೆ. ಮತ್ತೆ ಬುಧವಾರ ಬೆಳಿಗ್ಗೆ ನನ್ನ ಎದುರು ಕೂತು ಮಲ್ಲಿಗೆ ಕಟ್ಟುತ್ತಿದ್ದಾಗ ನೋಡುತ್ತೇನೆ, ಕೋಳಿ ಕಾಳು ನೋಡುವ ಹಾಗೆ ಕುತ್ತಿಗೆ ವಾಲಿಸಿ ಮೊಗ್ಗನ್ನು ಓರೆಯಿಂದ ನೋಡುತ್ತಿದ್ದಾಳೆ. ಕಣ್ಣು ಮುಚ್ಚಿಕೊಂಡು ಹೂ ಕಟ್ಟುವ ಹುಡುಗಿ ಅದು. ನಾನು ದಾರ ಕೆಳಗಿಟ್ಟೆ. ಎಡಗಣ್ಣು ಮುಚ್ಚಿ ನನ್ನ ಮುಖ ನೋಡು ಅಂದೆ. ನೋಡಿದಳು.

"ನಿನ್ನ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ. ಮುಖ ಇರುವಲ್ಲಿ ಒಂದು ಚುಕ್ಕೆ ಉಂಟಮ್ಮಾ."

ಮೊದಲೇ ಯಾಕೆ ಹೇಳಲಿಲ್ಲ ಅಂತ ಕಿರುಚಿದೆ. ಹೇಳಿದರೆ ಅಜ್ಜಿಗೆ ಬೈಗುಳ, ಮಾಮನಿಗೆ ಬೇಜಾರು ಅಂದಳು. ನಾಳೆ ಹೋದೀತು, ನಾಳೆ ಹೋದೀತು ಅಂತ ಕಾದಳಂತೆ. ಅಮ್ಮ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು.

ಮಾರನೇ ದಿನ ಮಣಿಪಾಲ. ಬಸ್ಸಿನಲ್ಲಿ ಹೋಗುವಾಗ ಅವಳ ಬಾಯಿ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ನೀನು ಬಂದಾಗ ಕಾರ್ಕಳದ ಪಾದೆಕಲ್ಲಿನ ಮೇಲೆ ಟೆಲಿಸ್ಕೋಪ್ ಇಡುವುದುಂಟಲ್ಲ, ಆಗ ಎಡಗಣ್ಣಿನಿಂದ ಫೋಕಸ್ ಮಾಡಿದರೆ ಆದೀತಾ, ನೀನು ತರುವ ಆ ತಣ್ಣಗಾಗುವ ಕ್ಯಾಮೆರಾಕ್ಕೆ ಕಣ್ಣೇ ಇಡಬೇಕಾಗಿಲ್ಲವಂತೆ, ಲ್ಯಾಪ್‌ಟಾಪಿನಲ್ಲೇ ಕಾಣುತ್ತದಂತೆ. ನಮ್ಮ ಊರಿನಲ್ಲಿ ಧ್ರುವ ನಕ್ಷತ್ರ ತುಂಬ ತಗ್ಗಿನಲ್ಲಿ ಇರುವ ಕಾರಣ ಮೌಂಟನ್ನು ಅದರ ಕಡೆಗೆ ಅಷ್ಟು ಬಗ್ಗಿಸಿದರೆ ತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ, ಅದಕ್ಕೆ ಅಪ್ಪನ ಹತ್ತಿರ ಒಂದು ಕಬ್ಬಿಣದ ತುಂಡು ಕಡಿಸಿ ಇಡಬೇಕು ಅಂತ ಅಪ್ಪನಿಗೇ ಹೇಳುತ್ತಿದ್ದಳು. ಹೋದ ಜನವರಿಯಲ್ಲಿ ನೀನು ಅಲ್ಲಿಂದ ಫೋನಿನಲ್ಲಿ ಹೇಳಿಕೊಡುತ್ತಾ, ಅವಳು ಇಲ್ಲಿ ತಾರಸಿಯಲ್ಲಿ ತೆಂಗಿನ ಗರಿಯ ಸಂದಿನಿಂದ ತೆಗೆದ ಒರಾಯನ್ ನೆಬ್ಯುಲಾದ ಫೋಟೋ ಉಂಟಲ್ಲ, ಅದು ಭಾವನ ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುತ್ತದೆ. ಬಂದವರಿಗೆಲ್ಲ ತೋರಿಸುತ್ತಾರೆ. ಇದು ಎಂತ ಮಾರಾಯ್ರೆ, ಹೊಗೆಯಾ ಅಂತ ಕೇಳಿದರೆ ಅವರಿಗೆ ಕೋಪ.

ಕಣ್ಣಿನ ಒಳಗಿನ ಚಿತ್ರ ತೆಗೆದು ಡಾಕ್ಟರಮ್ಮ ನಮಗೂ ತೋರಿಸಿದರು. ಅಕ್ಕಿ ನುಚ್ಚಿನಷ್ಟು ಒಂದು ಕಲೆ. ಮದ್ದು ಇಲ್ಲ, ಆಪರೇಷನ್ ಇಲ್ಲ, ಕಾಯುವುದೊಂದೇ. ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿ ಬಹಳಷ್ಟು ಗುಣವಾಗುತ್ತದಂತೆ, ಕೆಲವರಿಗೆ ಒಂದು ಚುಕ್ಕೆ ಉಳಿದೇ ಬಿಡುತ್ತದಂತೆ. ಇವಳು ಯಾವ ಪೈಕಿ ಅಂತ ಕೇಳಿದೆ. ಜನವರಿಯಲ್ಲಿ ಬನ್ನಿ, ನೋಡುವ ಅಂದರು. ಭಾವ ದಾರಿಯಲ್ಲೇ ಕಪ್ಪು ಕನ್ನಡಕ ತೆಗೆದುಕೊಟ್ಟರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ವಾಪಸು ಬರುವಾಗ ನಿಖಿತಾ ಒಂದು ಮಾತೂ ಆಡಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ಹೆದರಿದ್ದಾಳೆ ಅಂತ ಭಾವ ತಿಳಿದುಕೊಂಡರು. ಕಾರಣ ಅದಲ್ಲ. ಅಂದಿನಿಂದ ಅವಳು ಆ ಮೂಲೆಗೆ ಹೋಗಿಲ್ಲ. ಧ್ರುವ ಇಲ್ಲ, ಡಿಸೆಂಬರ್ ಇಲ್ಲ, ಕಬ್ಬಿಣದ ತುಂಡಿನ ಮಾತೂ ಇಲ್ಲ. ನಿನ್ನ ವಾಯ್ಸ್ ಮೆಸೇಜುಗಳನ್ನು ಅವಳು ತೆರೆದಿಲ್ಲ ಅಂತ ನನಗೆ ಗೊತ್ತು.

ಅಮ್ಮನ ಸಂಗತಿ ಬೇರೆಯೇ ಒಂದು ಹೊರೆ. ಮಾರಿಗುಡಿಗೆ ಬೆಳ್ಳಿಯ ಕಣ್ಣು ಹರಕೆ ಹೇಳಿಕೊಂಡಿದ್ದಾರೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಾರೆ. ಅಂಗಳಕ್ಕೆ ಒಂದು ಚಾಪೆ ಹಾಕಲು ಬಿಡುವುದಿಲ್ಲ, ಮೊನ್ನೆ ನಾನು ಮೆಣಸು ಹರಡಿದರೆ ಬಾಚಿ ಒಳಗೆ ತಂದರು. ಬಿಸಿಲು ಕಂಡ ವಸ್ತು ಹಾಳಾಗುವುದಿಲ್ಲ ಅಂತ ಅವರ ಅಮ್ಮ ಕಲಿಸಿದ್ದು, ಅವರು ನಮಗೆ ಕಲಿಸಿದ್ದು. ಯಾರನ್ನು ಬೈಯಲಿ ಹೇಳು? ಅವರಿಗೆ ನಿನ್ನ ಮಾತು ಕಾಪಾಡಬೇಕಿತ್ತು, ಇವಳಿಗೆ ನಿನ್ನ ಗಾಜು ಕಾಪಾಡಬೇಕಿತ್ತು. ನೀನು ಇಲ್ಲದ ಮನೆಯಲ್ಲಿ ನಿನ್ನ ಒಂದು ಸಾಮಾನಿಗಾಗಿ ಇಬ್ಬರು ಹೆಂಗಸರು ಹೀಗಾದರಲ್ಲ ಅಂತ ನನಗೆ ಅಳು ಬರುತ್ತದೆ. ಸಿಟ್ಟೂ ಬರುತ್ತದೆ. ಎರಡೂ ಒಟ್ಟಿಗೇ ಬರುತ್ತದೆ ಮಾರಾಯ.

ಆದಿತ್ಯವಾರ ನಿನ್ನ ಸ್ನೇಹಿತ, ಕಾರ್ಕಳದ ಗುಣಪಾಲ ಮಾಸ್ತರರು ಸ್ಕೂಟರಿನಲ್ಲಿ ಬಂದಿದ್ದರು. ನೀನೇ ಕಳಿಸಿದ್ದಂತೆ, ಅಕ್ಕ ಫೋನ್ ಎತ್ತುವುದಿಲ್ಲ, ಒಮ್ಮೆ ನೋಡಿ ಬನ್ನಿ ಅಂತ. ವಿಷಯ ಎಲ್ಲ ಹೇಳಿ, ಸುಕೇಶನಿಗೆ ನಾನೇ ಬರೆಯುತ್ತೇನೆ, ನೀವು ಹೇಳಬೇಡಿ ಅಂತ ಅವರಿಂದ ಮಾತು ತೆಗೆದುಕೊಂಡೆ. ಹಿಂದಿನ ತೂತು ಬರಿದಾಗಿದ್ದರೆ ಮುಂದಿನ ಗಾಜು ಇಡೀ ಸೂರ್ಯನನ್ನು ಅಲ್ಲಿ ಒಂದೇ ಬಿಂದುವಿಗೆ ತಂದು ಹಾಕುತ್ತದೆ ಅಂತ ಅವರೇ ಬಿಡಿಸಿ ಹೇಳಿದ್ದು. ಹೋಗುವಾಗ ಟೆಲಿಸ್ಕೋಪ್ ಒಮ್ಮೆ ತೆರೆದು ನೋಡಲೇ ಅಂದರು. ಬೇಡ ಅಂದೆ. ಹಾಗಾದರೆ ಕಾರ್ಕಳಕ್ಕೆ ಕೊಂಡುಹೋಗಿ ತೇವ ಬಾರದ ಪೆಟ್ಟಿಗೆಯಲ್ಲಿ ಇಡುತ್ತೇನೆ ಅಂದರು. ನಾನು ಒಪ್ಪಿಯೇ ಬಿಟ್ಟಿದ್ದೆ, ಆ ಕೊಳವೆಯನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಒಳಗಿನಿಂದ ನಿಖಿತಾ ಬಂದು, ಮಾಮ ಬರುವವರೆಗೆ ಇಲ್ಲೇ ಇರಲಿ ಅಂದು ಮತ್ತೆ ಒಳಗೆ ಹೋದಳು. ಇಲ್ಲೇ ಉಂಟು.

ಡಿಸೆಂಬರಿನಲ್ಲಿ ನೀನು ಬಾ. ಬರಬೇಡ ಅಂತ ಹೇಳುವ ಅಕ್ಕ ನಾನಲ್ಲ. ಈ ಮನೆಯಲ್ಲಿ ಮಗಳಿಗೆ ಅಪ್ಪನಿಗಿಂತ ಮಾಮ ಒಂದು ಗುಲಗುಂಜಿ ಹೆಚ್ಚು, ಭಾವನೇ ಅದನ್ನು ನಗಾಡಿಕೊಂಡು ಹೇಳುತ್ತಿದ್ದರು. ಆದರೆ ಬಂದವನು ಚಪ್ಪಲಿ ಬಿಟ್ಟು ನೇರ ಅವಳ ಹತ್ತಿರ ಹೋಗಬೇಕು. ಆ ಮೂಲೆಯ ಕಡೆಗೆ ತಲೆ ತಿರುಗಿಸಿದರೂ ನಾನು ನೋಡುತ್ತಿರುತ್ತೇನೆ.

ಅಲ್ಲಿ ಬಿಸಿಲು ಹೆಚ್ಚು, ತಲೆಗೆ ಎಂತಾದರೂ ಹಾಕಿಕೊಂಡು ಹೋಗು. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಕೈ ನಿನ್ನ ತಲೆಯ ಮೇಲೆ ಯಾವಾಗಲೂ ಉಂಟು, ನನ್ನದೂ ಉಂಟು. ಊರಿನ ದೈವಗಳು ನಿನ್ನನ್ನು ಕಾಯಲಿ, ಜೊತೆಗೆ ನನ್ನ ಮಗಳನ್ನೂ ಕಾಯಲಿ.

ಇತಿ ನಿನ್ನ ಅಕ್ಕ,
ಸುಗಂಧಿ

ತಾ.ಕ.: ಇದನ್ನು ಬರೆಯುವುದು ಬೇಡ ಅಂತಿದ್ದೆ. ಲಕೋಟೆಗೆ ಅಂಟು ಹಚ್ಚುವ ಮೊದಲು ಪತ್ರವನ್ನು ಮತ್ತೆ ಹೊರಗೆ ತೆಗೆದೆ.

ಅವತ್ತು ನಿನಗೆ ಫೋನ್ ಮಾಡಿದ್ದು ಮಣಿಪಾಲದ ಆಸ್ಪತ್ರೆಯ ಬೆಂಚಿನಿಂದ. ಭಾವ ಚೀಟಿ ಮಾಡಿಸಲು ಹೋಗಿದ್ದರು. ಪರೀಕ್ಷೆಗೆ ಮದ್ದು ಬಿಟ್ಟಿದ್ದರಿಂದ ನಿಖಿತಾ ಎರಡೂ ಕಣ್ಣು ಮುಚ್ಚಿ ನನಗೆ ಒರಗಿ ಕೂತಿದ್ದಳು. ಮಾಮನಿಗೆ ಫೋನ್ ಮಾಡಮ್ಮಾ, ಅವರ ಸ್ವರ ಕೇಳಬೇಕು ಅಂದವಳು ಅವಳೇ. ಅದಕ್ಕೆ ಸ್ಪೀಕರ್ ಹಾಕಿದ್ದೆ. ಅವಳ ಎದುರು ಕಣ್ಣು ಅನ್ನುವ ಶಬ್ದ ನನ್ನ ಬಾಯಿಗೆ ಬರಲಿಲ್ಲ, ಅದಕ್ಕೆ ಬಿಸಿಲಿನಿಂದ ಶುರು ಮಾಡಿದೆ. ನಿಖಿತಾ ಅದರ ಹತ್ತಿರ ಹೋದಳು ಅಂತ ಹೇಳಿ ಒಂದು ಉಸಿರು ತೆಗೆದುಕೊಂಡೆ, ಅಷ್ಟೇ. ಅಷ್ಟರಲ್ಲಿ ನೀನು ಕೇಳಿದಿ, "ಅಯ್ಯೋ, ಲೆನ್ಸಿಗೆ ಎಂತಾದರೂ ಆಯಿತಾ?"

ನಾನು ಕಟ್ ಮಾಡಿದೆ. ಅವಳು ಕಣ್ಣು ತೆರೆಯಲಿಲ್ಲ. ಮೆಲ್ಲಗೆ ಹೇಳಿದಳು, "ಲೆನ್ಸಿಗೆ ಎಂತದೂ ಆಗಲಿಲ್ಲ ಅಂತ ಮಾಮನಿಗೆ ಹೇಳಮ್ಮಾ. ನಾನು ನೋಡಿದ್ದೇನೆ."

ಹೇಳಿದ್ದೇನೆ.