ಮೂರು ಮೊಬೈಲಿಗೆ ಹೋಗುವ ನನ್ನ ಸುದ್ದಿ

ಪ್ರೀತಿಯ ಅಕ್ಕ,

ಮದುವೆಯಾಗಿ ನರಿಮೊಗರಿನ ಈ ಮನೆಗೆ ಬಂದ ಹೊಸತರಲ್ಲಿ ನಿನ್ನನ್ನು ‘ನೀವು’ ಎಂದದ್ದಕ್ಕೆ ಗದರಿಸಿಕೊಂಡಿದ್ದೆ. “ನಾನು ನಿನ್ನ ಗಂಡನ ಅಣ್ಣನ ಹೆಂಡತಿ, ಶಾಲೆಯ ಟೀಚರ್ ಅಲ್ಲ ಮಾರಾಯ್ತಿ. ನೀವು ಅನ್ನುದನ್ನೆಲ್ಲ ಅತ್ತೆಗೆ ಇಟ್ಟುಕೋ” ಎಂದಿದ್ದೆ ನೀನು. ಸತ್ತವರಿಗೆ ಎಲ್ಲರೂ ಬಹುವಚನ ಕೊಡುತ್ತಾರೆ. ನಾನು ಕೊಡುವುದಿಲ್ಲ, ಬೇಕಾದರೆ ಸಿಟ್ಟು ಮಾಡಿಕೋ.

ನಾನು ಮುಟ್ಟಾಗಿ ಹೊರಗೆ ಕೂತ ದಿನಗಳು ನೆನಪಾಗುತ್ತವೆ. ಚಾವಡಿಯ ಪಕ್ಕದ ಕೋಣೆಯಲ್ಲಿ ಹಳೆಯ ವಾರಪತ್ರಿಕೆ ಓದುತ್ತ ಬಿದ್ದುಕೊಂಡಿದ್ದರೆ ನೀನು ದೂರದಿಂದಲೇ ಬಡಿಸಿ ಹೋಗುತ್ತಿದ್ದೆ. ನಿನ್ನ ಸರದಿಯಲ್ಲಿ ನಾನು. ಕೆಟ್ಟ ಪದ್ಧತಿ ಎಂದು ಈಗಿನವರು ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೂ ಈ ಮನೆಯಲ್ಲಿ ನಮಗೆ ಬೆನ್ನು ನೆಲಕ್ಕೆ ತಾಗಿಸಲು ಸಿಗುತ್ತಿದ್ದದ್ದು ಅದೊಂದೇ ಅಲ್ಲವಾ? ನೀನು ಹೋದ ಮೇಲೆ ಅಡುಗೆಮನೆಗೆ ಉಳಿದವಳು ನಾನೊಬ್ಬಳೇ. ಅತ್ತೆಗೆ ಮೊಣಕಾಲು ನೋವು. ನಾನು ಹೊರಗಾದರೆ ಒಲೆ ಹೊತ್ತಿಸುವವರಿಲ್ಲ.

ಅದಕ್ಕೇ ಒಂದು ಭಾನುವಾರ ಇವರು ಪುತ್ತೂರಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಪಂಪು ಆರಿಸಿಕೊಡುವ ಗಾಂಭೀರ್ಯದಲ್ಲೇ ನನಗೆ ಮುಟ್ಟಿನ ಲೆಕ್ಕ ಇಡುವ ಆಪ್ ಆರಿಸಲು ಕೂತರು. “ದಿನ ಮೊದಲೇ ಗೊತ್ತಾದ್ರೆ ಅಡುಗೆಯವರಿಗೆ ಹೇಳಿಡ್ಬಹುದಲ್ಲ?” ಮೊದಲನೆಯದು ಪೂರ್ತಿ ಇಂಗ್ಲಿಷ್. ಎರಡನೆಯದರಲ್ಲಿ ಕನ್ನಡ ಉಂಟು, ಎಂಥ ಕನ್ನಡ! “ನಿಮ್ಮ ಹರಿವು ಹೇಗಿದೆ? ಕಡಿಮೆ, ಮಧ್ಯಮ, ಭಾರೀ.” ಉಪ್ಪಿನಂಗಡಿಯ ಹೊಳೆಯ ಬಗ್ಗೆ ಕೇಳುತ್ತಿದೆ ಎಂದುಕೊಂಡೆ. ನೀನಿದ್ದಿದ್ದರೆ ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುತ್ತಿದ್ದೆ. ಮೂರನೆಯದಕ್ಕೆ ಗುಟ್ಟಿನ ನಂಬರು ಹಾಕಿ ಬೀಗ ಹಾಕಬಹುದಿತ್ತು. ಇದಿರಲಿ ಎಂದೆ. “ಬೀಗ ಹಾಕುವಂಥದ್ದು ಎಂತ ಉಂಟು ಅದರಲ್ಲಿ?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಕೊನೆಗೆ ಆರಿಸಿದ್ದು ಹೊಳೆಯ ಆಪನ್ನೇ, ಮನೆಯವರಿಗೂ ಸುದ್ದಿ ಮುಟ್ಟಿಸುತ್ತದೆ ಎಂದು. ನನ್ನ ಮೊಬೈಲಿಗೆ, ಇವರದಕ್ಕೆ, ಪೂಜೆಯ ದಿನ ಗೊತ್ತುಮಾಡುವವರೆಂದು ಭಾವನದಕ್ಕೂ, ಹೌದು, ನಿನ್ನ ಗಂಡನದಕ್ಕೇ. ಹೊರಗೆ ಕೂತ ಮೇಲೆ ಎಲ್ಲರಿಗೂ ಗೊತ್ತಾಗುವುದು ಹೊಸತಲ್ಲ. ಆದರೆ ಆಗುವ ಮೊದಲೇ ಭಾವನ ಜೇಬಿನಲ್ಲಿ ಟಿಣ್ ಎನ್ನುವುದೆಂದರೆ...

ನಾಗನ ತಂಬಿಲದ ಪೂಜೆಗೆ ಭಾವ ಆ ಆಪ್ ನೋಡಿಯೇ ದಿನ ಇಟ್ಟರು. ಅವತ್ತು ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದಾಗ, ಆಪಿನ ಲೆಕ್ಕಕ್ಕೇ ಸಿಗದೆ ನನಗೆ ಶುರುವಾಯಿತು. ಭಟ್ಟರು ಬಂದಾಗಿತ್ತು, ನೆಂಟರು ಅಂಗಳದಲ್ಲಿದ್ದರು. ನೀನಾದರೆ ಏನು ಮಾಡುತ್ತಿದ್ದೆ? ನಾನು ಬಾಯಿ ಮುಚ್ಚಿಕೊಂಡು ಅಡುಗೆ ಮಾಡಿದೆ, ಪಾಯಸವನ್ನೂ. ಏನೂ ಆಗಲಿಲ್ಲ ಅಕ್ಕ. ಭಟ್ಟರು ಪಾಯಸ ಎರಡನೇ ಸಲ ಹಾಕಿಸಿಕೊಂಡರು.

ಆಮೇಲೆ ಅದು ನಿಲ್ಲಲೇ ಇಲ್ಲ. ಈಗ ಆಪಿನಲ್ಲಿ ಬರೆದರೆ ಯಾವತ್ತಿನಿಂದ ಎಂದು ಕೇಳುತ್ತಾರೆ, ತಂಬಿಲದ ದಿನ ಮಾಡಿದ್ದು ಬಯಲಾಗುತ್ತದೆ. ಹಾಗಾಗಿ ಪ್ರತಿ ತಿಂಗಳೂ ಆಪ್ ಕಾಯುತ್ತಿದ್ದ ದಿನಗಳನ್ನೇ ಒತ್ತಿದೆ. ಆ ದಿನಗಳಲ್ಲಿ ಹೊರಗೆ ಕೂತೆ, ಉಳಿದ ದಿನ ರಕ್ತ ಹೋಗುತ್ತಿದ್ದ ಹಾಗೆಯೇ ಒಲೆಯೆದುರು ನಿಂತೆ. ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದರೆ ಮೊಬೈಲು “ನಿಮ್ಮ ಚಕ್ರ ಕ್ರಮಬದ್ಧವಾಗಿದೆ” ಎಂದು ಹೂವಿನ ಚಿತ್ರ ತೋರಿಸುತ್ತಿತ್ತು. ಅದನ್ನು ಬಾವಿಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ನಿನ್ನ ಕೊನೆಯ ವರ್ಷ ಕಣ್ಣಿಗೆ ಕಟ್ಟುತ್ತದೆ. ಸುಸ್ತು ಯಾಕೆಂದು ಕೇಳಿದರೆ “ಮುಟ್ಟು ನಿಲ್ಲುವ ಸಮಯ ಅಲ್ವಾ, ಹೀಗೇ ಆಗುದು” ಎಂದಿದ್ದೆ. ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಾಗ ಮಂಗಳೂರಿನ ಡಾಕ್ಟರು ಕೈಚೆಲ್ಲಿದ್ದರು. ನನಗೆ ಹೆದರಿಕೆಯಾಗುತ್ತಿದೆ ಅಕ್ಕ, ತುಂಬಾ.

ಕಳೆದ ವಾರ ಬಟ್ಟೆ ಒಣಹಾಕುವಾಗ ತಲೆ ತಿರುಗಿ ಬಿದ್ದೆ. ಇವರು ಪುತ್ತೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಬಾಯಿ ತೆರೆಯುವ ಮೊದಲೇ ಮೊಬೈಲು ಮುಂದೆ ಹಿಡಿದು “ಎಲ್ಲ ಕರೆಕ್ಟ್ ಉಂಟು ಡಾಕ್ಟ್ರೆ, ಒಂದು ತಿಂಗಳೂ ತಪ್ಪಲಿಲ್ಲ” ಎಂದರು. ಹೆಮ್ಮೆ ಬೇರೆ! “ಹಾಗಾದ್ರೆ ಆ ಕಡೆಯಿಂದ ತೊಂದರೆ ಇಲ್ಲ. ರಕ್ತ ಕಡಿಮೆ ಉಂಟು, ಮಾತ್ರೆ ಕೊಡ್ತೇನೆ” ಎಂದು ಅವರು ಚೀಟಿ ಬರೆಯತೊಡಗಿದರು. ಸುಮ್ಮನಿದ್ದಿದ್ದರೆ ಮಾತ್ರೆ ತೆಗೆದುಕೊಂಡು ಮನೆಗೆ ಬರಬಹುದಿತ್ತು.

“ಅದರಲ್ಲಿರುದು ಸುಳ್ಳು ಡಾಕ್ಟ್ರೆ. ನಾನೇ ಹಾಕಿದ ಸುಳ್ಳು. ತಂಬಿಲದ ದಿನ ಶುರುವಾದ್ದು ನಿಲ್ಲಲೇ ಇಲ್ಲ.”

ಡಾಕ್ಟರು ಚೀಟಿ ಹರಿದರು. ಸ್ಕ್ಯಾನ್ ಮಾಡಿಸಿದರು, ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮನೆಯ ತಿರುವಿನಲ್ಲಿ ಇವರು ಕೇಳಿದರು: “ಪಾಯಸವೂ ನೀನೇ ಮಾಡಿದ್ದಾ?”

ವಿಷಯ ಅತ್ತೆಯ ಕಿವಿಗೆ ಬಿದ್ದದ್ದೇ ನನ್ನ ಚಾಪೆ ಚಾವಡಿಯ ಪಕ್ಕದ ಕೋಣೆಗೆ ಬಂತು. ಪ್ರಾಯಶ್ಚಿತ್ತಕ್ಕೆ ಏನು ಮಾಡಬೇಕೆಂದು ಭಟ್ಟರಿಗೆ ಫೋನು ಹೋಗುತ್ತಿದೆ. ಊಟ ಹೋಟೆಲಿನಿಂದ ಬರುತ್ತದೆ. ಬಾಗಿಲು ತೆರೆದೇ ಇದೆ, ಆದರೆ ಎದ್ದು ಎಲ್ಲಿಗೆ ಹೋಗಲಿ? ಹಳೆಯ ಆಪನ್ನು ತೆಗೆದುಹಾಕಿ ಬೀಗದ್ದನ್ನು ಹಾಕಿಕೊಂಡಿದ್ದೇನೆ. ಡಾಕ್ಟರು ಹೇಳಿದ ಹಾಗೆ ನಿಜವನ್ನೇ ಬರೆಯುತ್ತೇನೆ. ಹಾಗೆಂದು ಕೋಣೆಯೇನೂ ದೊಡ್ಡದಾಗಲಿಲ್ಲ.

ನಿನ್ನೆ ಸಂಜೆ ಭಾವ ಈ ಬಾಗಿಲಿಗೆ ಬಂದು ನಿಂತರು. ಹೆಂಗಸರು ಹೊರಗೆ ಕೂತಾಗ ಅವರು ಈ ಕಡೆ ತಲೆ ಹಾಕಿದ್ದನ್ನು ನೀನು ನೋಡಿದ್ದೀಯಾ?

“ಅವಳೂ ಹೀಗೇ ಹೇಳದೆ ಅಡುಗೆ ಮಾಡ್ತಾ ಇದ್ದಳಾ?” ಎಂದರು.

ಮೈಲಿಗೆಯ ವಿಚಾರಣೆ ಎಂದುಕೊಂಡು ತಲೆ ಎತ್ತಿದೆ. ಅವರ ಮುಖ ಹಾಗಿರಲಿಲ್ಲ.

“ಅಕ್ಕ ನನಗೂ ಹೇಳ್ಲಿಲ್ಲ ಭಾವ. ಮಾಡ್ತಾ ಇದ್ದಿರಬೇಕು.”

ನಿನ್ನ ಕ್ರಿಯೆಯ ದಿನ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತರು ಅಕ್ಕ. ಒಳಗೆ ಅತ್ತೆ ಯಾರೆಂದು ಕೇಳಿದರೂ ಸರಿಯಲಿಲ್ಲ.

ರಿಪೋರ್ಟು ಈ ವಾರ ಬರುತ್ತದೆ. ಏನೇ ಇರಲಿ, ಅದನ್ನು ಚಾವಡಿಯ ನಡುವೆ ನಿಂತು ಗಟ್ಟಿಯಾಗಿ ಓದುತ್ತೇನೆ. ಓದಿಯಾದ ಮೇಲೆ ನಿನ್ನ ಹೆಸರನ್ನೂ, ನೀನು ಯಾಕೆ ಹೋದೆ ಎಂಬುದನ್ನೂ ಹೇಳುತ್ತೇನೆ.

ನಿನ್ನ ಓರಗಿತ್ತಿ