ಬೋಳಾದ ಕೆಂಪೆಲೆ ಗಿಡ

ಬಸವನಗುಡಿ
೯-೩-೧೯೯೭

ರಂಗನಾಯಕಿ ಅಮ್ಮನವರಿಗೆ ನಿಮ್ಮ ಔಟ್‌ಹೌಸಿನ ಪುಟ್ಟಸ್ವಾಮಿಯ ನಮಸ್ಕಾರಗಳು.

ಮಗಳ ಬಾಣಂತನಕ್ಕೆ ಹೋಗುವಾಗ ನೀವು ಒಪ್ಪಿಸಿದ ಕೆಂಪೆಲೆ ಗಿಡಕ್ಕೆ ದಿನಾ ನೀರು ಹಾಕಿದೆ. ಆದರೂ ಅದು ಬೋಳಾಯಿತು. ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಪೂಜೆಗೆ ಹೂ ಕೀಳುವ ವೆಂಕಟಾಚಲ ಮೇಷ್ಟ್ರು ಎಲೆಗಳನ್ನೇ ಹೂವೆಂದುಕೊಂಡು ಕಿತ್ತರೆಂದು ನಂಬಿದೆ. ಬೀದಿಯವರೆದುರು, "ದೇವರಿಗೂ ಕದ್ದಿದ್ದೇ ಆಗ್ಬೇಕಾ, ಮೇಷ್ಟ್ರೇ?" ಎಂದುಬಿಟ್ಟೆ. ಅವರು, "ನೋಡಯ್ಯ, ಬರೀ ದಾಸವಾಳ," ಎಂದು ಬುಟ್ಟಿ ತೋರಿಸಿ ಹೋದರು. ಮತ್ತೆ ಇತ್ತ ಬಂದಿಲ್ಲ.

ನಿನ್ನೆ ನನ್ನ ಹೆಂಡತಿ, "ಉದುರಿದ ಎಲೆ ದಿನಾ ನಾನೇ ಗುಡಿಸಿ ಹಾಕ್ತಿದ್ದೆ. ನೀವು ಕೇಳಿದ್ರಾ?" ಎಂದಳು.

ಈ ಗಿಡ ತಾನಾಗಿಯೇ ಎಲೆ ಉದುರಿಸುತ್ತದೆಯೇ? ನೀರು ಹಾಕಲೇ, ನಿಲ್ಲಿಸಲೇ? ಮೇಷ್ಟ್ರ ಮನೆಯ ಗೇಟಿನವರೆಗೆ ಎರಡು ಸಲ ಹೋಗಿ ಹಿಂದಿರುಗಿದೆ. ಬಾಗಿಲು ತೆರೆದರೆ ಮೊದಲ ಮಾತು ಏನಾಡಬೇಕೋ, ಅದನ್ನೂ ನೀವೇ ಬರೆದು ಕಳಿಸಿ.

ಇಂತಿ,
ಪುಟ್ಟಸ್ವಾಮಿ