ಹನ್ನೊಂದನೆಯ ಸ್ಲೈಡು

ಪ್ರಯೋಗಾಲಯದ ಮುಖ್ಯಸ್ಥರಿಗೆ ನಮಸ್ಕಾರ.

ಅಪ್ಪ ಬಿಟ್ಟುಹೋದ ಬಟ್ಟಲು ಅಣಬೆಗಳ ಸ್ಲೈಡುಗಳನ್ನು ನೀವು ಹೇಳಿದಂತೆ ಮತ್ತೆ ನೋಡಿ, ಹೆಸರು ಬರೆದು ಕಳಿಸಿದ್ದೇನೆ. ಈ ಅಣಬೆಗಳು ಸಾಸಿವೆಯಷ್ಟು ಸಣ್ಣವು. “ಮೇಲ್ನೋಟಕ್ಕೆ ಎಲ್ಲಾ ಒಂದೇ ಥರ ಕಣೇ, ಅಂಚಿನ ರೋಮ ನೋಡಿದ್ರೇನೇ ಗುರುತು ಸಿಗೋದು” ಎಂದು ಅಪ್ಪ ಅನ್ನುತ್ತಿದ್ದರು.

ಹನ್ನೊಂದನೆಯದನ್ನು ಮಾತ್ರ ಕಳಿಸಿಲ್ಲ. ಅದಕ್ಕೆ ನಿಮ್ಮ ಸಹಾಯಕರು “ಕಸ ಸೇರಿದೆ, ತೊಳೆಯಿರಿ” ಎಂದು ಚೀಟಿ ಅಂಟಿಸಿದ್ದರು. ಈ ಅಣಬೆಯ ರೋಮದೊಳಗೆ ಅಡ್ಡಗೋಡೆಗಳಿರುತ್ತವೆ. ಆ ಸ್ಲೈಡಿನಲ್ಲಿರುವ ಒಂದು ರೋಮಕ್ಕೆ ಅಡ್ಡಗೋಡೆಯೇ ಇಲ್ಲ, ದಪ್ಪ, ಬಿಳಿ. ಕೊನೆಯ ತಿಂಗಳು ಔಷಧಿಯಿಂದ ಅಪ್ಪನ ನರೆತ ಹುಬ್ಬು ಉದುರುತ್ತಿತ್ತು. ಆದರೂ ಸೂಕ್ಷ್ಮದರ್ಶಕ ಬಿಟ್ಟು ಏಳುತ್ತಿರಲಿಲ್ಲ.

ನಿನ್ನೆ ಅಮ್ಮ ಮೊದಲ ಸಲ ಅದಕ್ಕೆ ಕಣ್ಣಿಟ್ಟು ನೋಡಿದಳು. “ಅವರದೇ” ಅಂದಳು.

ತೊಳೆಯಲು ಕೈ ಬರುತ್ತಿಲ್ಲ. ಬದಲಿಗೆ ಹೊಸ ಗಾಜೊಂದನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ, ದಯವಿಟ್ಟು ಸ್ವೀಕರಿಸಿ.

ಇಂತಿ,
ಅವರ ಮಗಳು